ಅತ್ತೆಯ ನೀರಿನ ನೇಮ

ಕಳೆದ ತಿಂಗಳು ಅರಸೀಕೆರೆಯ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಹೆತ್ತು ಬಾಣಂತನಕ್ಕೆ ಬಂದಿದ್ದಾಳೆ. ಹೊರಗೆ ಬಿಟ್ಟೂ ಬಿಡದ ಸೋನೆ. ನಡುಮನೆಯಲ್ಲಿ ಕರಟ ಸುಟ್ಟ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಮಗುವಿನ ಬಟ್ಟೆ ಹರವಿದ್ದರು. ಹಳೆಯ ಹತ್ತಿ ಬಟ್ಟೆ ಬೆಚ್ಚಗಾಗುತ್ತಾ ಒಣಗುವ ಆ ವಾಸನೆ ನನ್ನನ್ನು ಹೊಸಿಲಲ್ಲೇ ಹಿಡಿದು ನಿಲ್ಲಿಸಿತು.

“ಮಗು ಇರೋ ಮನೆ ವಾಸನೆ ಅಂದ್ರೆ ಇದೇ ಅಲ್ವಾ ಚಿಕ್ಕಮ್ಮ?” ಅಂದಳು ಹುಡುಗಿ.

“ಹೂಂ ಕಣೇ” ಅಂದೆ. ಆದರೆ ನನಗೆ ನೆನಪಾದದ್ದು ಮಗುವಲ್ಲ. ಎಂಬತ್ತರ ಹತ್ತಿರವಿದ್ದ ನಮ್ಮ ಅತ್ತೆ, ಹಳೇಬೀಡಿನ ನಮ್ಮ ಮನೆಯ ಪಡಸಾಲೆ ಪಕ್ಕದ ಕೋಣೆ, ಮತ್ತು ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ. ಆ ಮಳೆಗಾಲದಲ್ಲಿ ನಾನು ಮಾಡಿದ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಮುದುಕಿಯೊಬ್ಬರ ಮೈ ಒರೆಸಿದ್ದರಲ್ಲಿ ಹೆಮ್ಮೆ ಪಡುವಂಥದ್ದೇನು ಅಂತ ಕೇಳುವವರಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅತ್ತೆಯ ಹೆಸರು ರಾಜಮತಿಯಮ್ಮ. ಹಳೇಬೀಡಿನಲ್ಲಿ ಬಸದಿಗಳ ಕಡೆಗೆ ಇರುವ ಜೈನರ ಕೆಲವೇ ಮನೆಗಳಲ್ಲಿ ನಮ್ಮದೂ ಒಂದು. ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ತೆಂಗಿನಕಾಯಿ ವ್ಯಾಪಾರ, ಜೊತೆಗೆ ಒಂದಿಷ್ಟು ಗದ್ದೆ. ಮನೆ ನಡೆಯುತ್ತಿದ್ದದ್ದು ಮಾತ್ರ ಅತ್ತೆಯ ಕಣ್ಣಳತೆಯಲ್ಲಿ. ಬಟ್ಟೆಯಲ್ಲಿ ಸೋಸದ ನೀರು ಬಿಂದಿಗೆಗೆ ಇಳಿಯುವಂತಿಲ್ಲ. ಹೊತ್ತು ಮುಳುಗಿದ ಮೇಲೆ ತುತ್ತು ಅನ್ನ, ಗುಟುಕು ನೀರು ಯಾರ ಗಂಟಲಿಗೂ ಇಳಿಯುವಂತಿಲ್ಲ. ನಾನು ಗುಡಿಸಿದ ನೆಲವನ್ನು ಇನ್ನೊಮ್ಮೆ ಗುಡಿಸಿ, ಬಂದ ಕಸವನ್ನು ನನ್ನ ಮುಂದೆ ಇಟ್ಟು ಮಾತಾಡದೆ ಹೋಗುತ್ತಿದ್ದರು. “ರಾಜಮತಿಯಮ್ಮ ನೊಣಕ್ಕೂ ಕಾಲು ತೊಳ್ಕೊಂಡು ಬಾ ಅಂತಾರೆ” ಅಂತ ನಮ್ಮ ಓಣಿಯವರು ನಗುತ್ತಿದ್ದರು. ಅತ್ತೆಗೆ ಅದು ಗೊತ್ತಿತ್ತು. ಗೊತ್ತಿದ್ದು ಒಳಗೊಳಗೇ ಖುಷಿಪಡುತ್ತಿದ್ದರು.

ಇಂಥವರಿಗೆ ಬೇಸಿಗೆಯ ಕೊನೆಯಲ್ಲಿ ಲಕ್ವ ಹೊಡೆಯಿತು. ಹಾಸನದ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಎಡಗೈ, ಎಡಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ನಾಲಿಗೆ ಮಾತ್ರ ದೇವರ ದಯೆಯಿಂದ ಮೊದಲಿನಷ್ಟೇ ಚುರುಕಾಗಿತ್ತು. ಡಾಕ್ಟರು ಇನ್ನೊಂದು ಸಂಗತಿ ಹೇಳಿ ಕಳಿಸಿದ್ದರು. ಅದು ನಮಗೆ ಸರಿಯಾಗಿ ಅರ್ಥವಾದದ್ದು ಮನೆಗೆ ಬಂದ ಮೇಲೆಯೇ. ಮೂತ್ರ ಹಿಡಿದುಕೊಳ್ಳುವುದು ಇನ್ನು ಅವರ ಕೈಯಲ್ಲಿರಲಿಲ್ಲ. ಒಮ್ಮೊಮ್ಮೆ ಎರಡನೆಯದೂ.

ಮೊದಲ ಸಲ ಹಾಸಿಗೆ ಒದ್ದೆಯಾದಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡರು. ನಾನು ಬಟ್ಟೆ ಬದಲಿಸಿ ಮುಗಿಸಿದಾಗ ಅಷ್ಟು ಮಾತಿನ ಹೆಂಗಸು ಹೇಳಿದ್ದು ಒಂದೇ ಮಾತು. “ವಾಸನೆ ಬರಬಾರ್ದು ಕಣೇ ಕುಸುಮ. ಯಾರ್ ಬಂದ್ರೂ ವಾಸನೆ ಬರಬಾರ್ದು.”

ಅದನ್ನು ನಾನು ಆಜ್ಞೆ ಅಂತಲೇ ತೆಗೆದುಕೊಂಡೆ. ಆ ಮನೆಯಲ್ಲಿ ಪಳಗಿದ ಸೊಸೆ ನಾನು, ಚೊಕ್ಕಟ ಅಂದರೆ ಏನು ಅಂತ ಯಾರಿಂದಲೂ ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಒದ್ದೆಯಾದಾಗಲೆಲ್ಲ ಹಬೆಯಾಡುವ ಬಿಸಿನೀರು, ಸೋಪು. ಬೆಳಿಗ್ಗೆ ಅಂಟುವಾಳದ ಪುಡಿ. ನೀರಿಗೆ ಒಂದು ಮುಚ್ಚಳ ಗಾಯ ತೊಳೆಯುವ ಔಷಧಿ. ಒರಟು ಟವಲಿನಲ್ಲಿ ಗಸಗಸ ಒರೆಸಿ, ಮೇಲೆ ಘಮಘಮ ಪೌಡರು. ಸೊಂಟಕ್ಕೆ ದೊಡ್ಡವರ ಡೈಪರು, ಹಾಸಿಗೆ ಹಾಳಾಗದಿರಲಿ ಅಂತ ಕೆಳಗೊಂದು ರಬ್ಬರ್ ಶೀಟು. ಅರಸೀಕೆರೆಯಲ್ಲಿ ಕೊಟ್ಟ ನಮ್ಮ ನಾದಿನಿ ವಿಮಲಕ್ಕ ಬಂದವರು ಬಾಗಿಲಲ್ಲೇ ನಿಂತು ಮೂಗು ಅರಳಿಸಿ ನೋಡಿ, “ಪರವಾಗಿಲ್ಲ ಕಣೇ, ಆಸ್ಪತ್ರೆ ತರ ಇಟ್ಟಿದೀಯ” ಅಂದರು. ವಿಮಲಕ್ಕನ ಬಾಯಲ್ಲಿ ಪರವಾಗಿಲ್ಲ ಅಂದರೆ ಬೇರೆಯವರ ಬಾಯಲ್ಲಿ ಭೇಷ್ ಅಂದ ಹಾಗೆ. ನಾನು ಉಬ್ಬಿದೆ.

ಮುಂಗಾರು ಹಿಡಿಯುವ ಹೊತ್ತಿಗೆ ಅತ್ತೆಯ ತೊಡೆಯ ಸಂದಿಯಲ್ಲಿ, ಕುಂಡೆಯ ಮೇಲೆ ಕೆಂಪು ಕಾಣಿಸಿಕೊಂಡಿತು. ಉಷ್ಣ ಇರಬೇಕು ಅಂದುಕೊಂಡು ಇನ್ನಷ್ಟು ತೊಳೆದೆ. ಕೆಂಪು ಹರಡಿತು. ಹೊಳೆಯತೊಡಗಿತು. ಪೌಡರು ಮಡಿಕೆಗಳಲ್ಲಿ ಒದ್ದೆಯಾಗಿ ಹಿಟ್ಟಿನಂತೆ ಗಂಟು ಕಟ್ಟುತ್ತಿತ್ತು, ಅದನ್ನು ಕೆರೆದು ತೆಗೆಯುವಾಗ ಅತ್ತೆ ಹಲ್ಲು ಕಚ್ಚುತ್ತಿದ್ದರು. ನೋಯುತ್ತದೆ ಅಂತ ಮಾತ್ರ ಹೇಳುತ್ತಿರಲಿಲ್ಲ. ಚೊಕ್ಕಟವಾಗುವಾಗ ಸ್ವಲ್ಪ ನೋಯುವುದು ಸಹಜ ಅಂತ ಅವರೂ ನಂಬಿದ್ದರು, ನಾನೂ ನಂಬಿದ್ದೆ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಕಲಿತವರಲ್ಲವೇ!

ಬಿ.ಪಿ. ನೋಡಿ ಹೋಗಲು ಬರುತ್ತಿದ್ದ ನರ್ಸ್ ರೇಣುಕಾ ಅನ್ನುವ ಹುಡುಗಿಗೆ ಒಂದು ದಿನ ಇದನ್ನು ತೋರಿಸಿದೆ. ಜಾವಗಲ್ ಕಡೆಯವಳು, ಸ್ಕೂಟರಿನಲ್ಲಿ ಬರುವಾಗ ಹಾರನ್ ಹೊಡೆದೇ ಓಣಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದಳು. ಅವಳು ಬಗ್ಗಿ ನೋಡಿದಳು, ಕೈಗವಸು ಹಾಕಿಕೊಂಡು ಮೆಲ್ಲಗೆ ಮುಟ್ಟಿದಳು, ಆಮೇಲೆ ನನ್ನ ಮುಖ ನೋಡಿದಳು.

“ಅಕ್ಕಾ, ಏನಾಕಿ ತೊಳೀತಿದೀರ?”

ನಾನು ಉತ್ಸಾಹದಿಂದಲೇ ಎಲ್ಲವನ್ನೂ ಒಪ್ಪಿಸಿದೆ.

“ಅಯ್ಯೋ, ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ಹಾಕಿ ಉಜ್ಜಿದಂಗೆ ಉಜ್ಜಿಬಿಟ್ಟಿದೀರಲ್ಲ!”

“ಕೊಳೆ ಇದ್ರೆ ಉಜ್ಜದೇ ಇರೋಕಾಯ್ತದೇನಮ್ಮ?” ಅಂದರು ಅತ್ತೆ, ಗೋಡೆಯ ಕಡೆ ತಿರುಗಿದ್ದ ಹಾಗೆಯೇ.

“ಕೊಳೆ ಯಾವತ್ತೋ ಹೋಗೈತೆ ಅಜ್ಜಿ. ಈಗ ಹೋಗ್ತಿರೋದು ನಿಮ್ಮ ಚರ್ಮ.”

ಅವಳು ಮಂಚದ ತುದಿಯಲ್ಲಿ ಕೂತು ವಿವರಿಸಿದಳು. ಚರ್ಮಕ್ಕೆ ಅದರದೇ ಒಂದು ಜಿಡ್ಡು ಇರುತ್ತದೆ, ಅದೇ ಅದರ ಕಾವಲು. ಬಿಸಿನೀರು, ಸೋಪು ಆ ಜಿಡ್ಡನ್ನು ಕಿತ್ತು ಹಾಕುತ್ತವೆ. ಆಮೇಲೆ ಮೂತ್ರ ನೇರವಾಗಿ ಒಳಗಿನ ಎಳೆ ಚರ್ಮವನ್ನು ಸುಡುತ್ತದೆ. ಒದ್ದೆಯಲ್ಲಿ ನೆನೆದ ಚರ್ಮ ಬೆರಳ ತುದಿ ತಾಗಿದರೂ ಸುಲಿಯುತ್ತದೆ. ರಬ್ಬರ್ ಶೀಟು ಮೈಗೆ ತಾಗಿದರೆ ಬೆವರೂ ಸೇರಿಕೊಳ್ಳುತ್ತದೆ. “ಇನ್ನೂ ಬಾಯಿ ಬಿಟ್ಟಿಲ್ಲ, ಪುಣ್ಯ. ಒಡೆದು ಹುಣ್ಣಾಯ್ತು ಅಂದ್ರೆ ಕೂರಿಸೋ ಮಾತೇ ಇಲ್ಲ. ತಿಂಗಳುಗಟ್ಲೆ ಬೋರಲು, ಮಗ್ಗುಲು ಅಂತ ಮಲಗೇ ಇರ್ಬೇಕು. ಕೀವಾದ್ರೆ ಮತ್ತೆ ಹಾಸನ.”

ಅತ್ತೆ ಆಗ ಈ ಕಡೆ ತಿರುಗಿದರು. “ಭಾದ್ರಪದಕ್ಕೆ ಕೂರೋ ಹಂಗಾಗ್ತೀನಾ?”

ಭಾದ್ರಪದದಲ್ಲಿ ನಮಗೆ ದಶಲಕ್ಷಣ ಪರ್ವ. ಕ್ಷಮೆ, ಮಾರ್ದವ, ಆರ್ಜವ ಅಂತ ದಿನಕ್ಕೊಂದು ಧರ್ಮದ ಹೆಸರಿನಲ್ಲಿ ಹತ್ತು ದಿನ ಪೂಜೆ. ನಮ್ಮ ಓಣಿಯ ಚಿಕ್ಕ ಬಸದಿಯಲ್ಲಿ ಆ ಹತ್ತೂ ದಿನ ಹೆಂಗಸರ ಹಾಡು ಎತ್ತಿಕೊಡುತ್ತಿದ್ದದ್ದು ನಮ್ಮತ್ತೆ. ನಾನು ಸೊಸೆಯಾಗಿ ಬಂದಾಗಿನಿಂದ ಬೇರೆ ದನಿ ಕೇಳಿಯೇ ಇರಲಿಲ್ಲ. ಸೂತಕ ಅಂತ ಹೆರಿಗೆಯಾದ ಮನೆಯವರು, ಸಾವಾದ ಮನೆಯವರು ಬರುತ್ತಿರಲಿಲ್ಲ, ಅತ್ತೆಗೆ ಮಾತ್ರ ಪರ್ವದ ದಿನಗಳಲ್ಲಿ ಅಂಥದ್ದೊಂದೂ ಅಡ್ಡ ಬಂದಿರಲಿಲ್ಲ. ಕೈಕಾಲು ಹೋದದ್ದಕ್ಕೆ ಅಳದಿದ್ದವರು ಈ ಪ್ರಶ್ನೆ ಕೇಳುವಾಗ ರೇಣುಕಾಳ ತೋಳು ಹಿಡಿದುಕೊಂಡಿದ್ದರು.

“ಚರ್ಮ ಉಳಿದ್ರೆ ಕೂರ್ತೀರ ಅಜ್ಜಿ” ಅಂದಳು ರೇಣುಕಾ. “ಅದು ಅಕ್ಕನ ಕೈಯಲ್ಲೈತೆ.”

ಅಲ್ಲಿಂದ ಶುರುವಾಯಿತು ನನ್ನ ಹೊಸ ಪಾಠ. ಉಗುರು ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ. ಉಜ್ಜುವಂತಿಲ್ಲ, ಒತ್ತಿ ಒತ್ತಿ ತೆಗೆಯಬೇಕು. ಮಡಿಕೆಗಳಲ್ಲಿ ಪಸೆ ಉಳಿಯದ ಹಾಗೆ ಒಣಗಿಸಿ, ಆಮೇಲೆ ಮುಲಾಮನ್ನು ತೆಳ್ಳಗೆ ಸವರಬೇಕು. ಧಾರಾಳವಾಗಿ ಮೆತ್ತಿದರೆ ಡೈಪರು ನೀರು ಹೀರುವುದಿಲ್ಲ. ಪೌಡರು ಪೂರ್ತಿ ಬಂದ್. ಹಗಲು ಸ್ವಲ್ಪ ಹೊತ್ತು ಡೈಪರು ಬಿಚ್ಚಿ, ಬರೀ ಹತ್ತಿ ಬಟ್ಟೆಯ ಮೇಲೆ ಮಲಗಿಸಿ ಗಾಳಿಯಾಡಲು ಬಿಡಬೇಕು. ಆಗಾಗ ಮಗ್ಗುಲು ಬದಲಿಸಬೇಕು. ಕೇಳುವುದಕ್ಕೆ ಇಷ್ಟೇ. ಜೀವಮಾನವಿಡೀ ಉಜ್ಜಿ ಅಭ್ಯಾಸವಾದ ಕೈಗೆ ಉಜ್ಜದಿರುವುದು ಎಷ್ಟು ಕಷ್ಟ ಅನ್ನುವುದು ನನಗೆ ಗೊತ್ತು. ಮೊದಮೊದಲು ಕೈ ತಾನಾಗಿಯೇ ಒತ್ತುತ್ತಿತ್ತು, ಅತ್ತೆ “ಒರೆಸು ಇನ್ನೊಂದ್ಸಲ” ಅನ್ನುತ್ತಿದ್ದರು, ನಾನು ಆಗಲ್ಲ ಅನ್ನುತ್ತಿದ್ದೆ. ಅತ್ತೆಗೆ ಆಗಲ್ಲ ಅಂದದ್ದು ಅದೇ ಮೊದಲು.

ಮುಲಾಮಿನದ್ದೇ ಒಂದು ರಾಮಾಯಣ. ಔಷಧಿ ಅಂಗಡಿಯಲ್ಲಿ ಕೊಟ್ಟ ಬಿಳಿ ಮುಲಾಮನ್ನು ಮನೆಗೆ ತಂದೆ. ಅತ್ತೆ ಕನ್ನಡಕ ಹಾಕಿಸಿಕೊಂಡು, “ಇದರಾಗೆ ಏನೇನು ಐತೆ ಓದು” ಅಂದರು. ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ಅದರಲ್ಲೊಂದು ಹೆಸರಿಗೆ ಮೊಬೈಲಿನಲ್ಲಿ ಅರ್ಥ ಹುಡುಕಿದರೆ, ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು ಅಂತ ಬಂತು. ಸುಳ್ಳು ಹೇಳಬಹುದಾಗಿತ್ತು, ಮನಸ್ಸು ಬರಲಿಲ್ಲ.

“ಕುರಿ ಸತ್ತಿರಲ್ಲ ಅತ್ತೆ, ಬರೀ ಉಣ್ಣೆ ತೊಳೆದು ತೆಗೀತಾರಂತೆ.”

“ಕುರಿ ಕೇಳಿ ತಗೊಂಡ್ರಾ?”

ಮುಲಾಮನ್ನು ಅಂಗಡಿಗೆ ವಾಪಸ್ ಕೊಟ್ಟು ಬಂದೆ. ಪಕ್ಕದ ಮನೆಯ ಗೌಡರ ಹೆಂಡತಿ ಒಳ್ಳೆಯ ಮನಸ್ಸಿನಿಂದ ಒಂದು ಸೀಸೆ ಜೇನುತುಪ್ಪ ತಂದು, ಹಚ್ಚಿ ನೋಡಿ ಅಂದರು. ಜೇನನ್ನು ನಾಲಿಗೆಗೇ ಸೋಕಿಸದ ನಮ್ಮತ್ತೆ ಆ ಸೀಸೆಯನ್ನು ಕೋಣೆಯೊಳಗೂ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ರೇಣುಕಾಳನ್ನೇ ಕೇಳಿ, ಪ್ರಾಣಿಯ ಸೋಂಕಿಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿ ಒಂದು ಡಬ್ಬಿ ತಂದೆ. ಅದು ನೆಲದೊಳಗಿನ ಎಣ್ಣೆಯಿಂದ ಬರುತ್ತದೆ ಅಂತ ಖಚಿತಪಡಿಸಿಕೊಂಡ ಮೇಲೆ ಅತ್ತೆ ಮಗ್ಗುಲಾದರು. “ಗಾಡಿಗೆ ಹಾಕೋದನ್ನ ನಂಗೂ ಹಾಕು” ಅಂದರು. ಲಕ್ವ ಹೊಡೆದ ಮೇಲೆ ಅವರು ಮಾಡಿದ ಮೊದಲ ತಮಾಷೆ ಅದು.

ಆ ವರ್ಷದ ಮಳೆ ಜೋರಾಗೇನೂ ಬರಲಿಲ್ಲ, ಆದರೆ ಬಿಡಲೂ ಇಲ್ಲ. ದ್ವಾರಸಮುದ್ರದ ಕೆರೆಯ ಮೇಲಿನಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು, ದಿನವಿಡೀ ಹಿಟ್ಟು ಜರಡಿ ಹಿಡಿದಂತೆ ಜಿನುಗು. ಒಗೆದ ಬಟ್ಟೆ ಒಣಗುತ್ತಲೇ ಇರಲಿಲ್ಲ. ಮುಟ್ಟಿದರೆ ಒಣಗಿದಂತೆಯೇ ಇರುತ್ತಿತ್ತು, ಕೆನ್ನೆಗೆ ಒತ್ತಿದರೆ ತೇವ ತಿಳಿಯುತ್ತಿತ್ತು. ಅಂಥ ಬಟ್ಟೆ ಹಾಸಿದ್ದಕ್ಕೆ ತೊಡೆಯ ಸಂದಿಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು, ಬೂಷ್ಟಿನ ಸೋಂಕು ಅಂತ ಡಾಕ್ಟರು ಬೇರೆ ಮುಲಾಮು ಬರೆದುಕೊಟ್ಟರು. ನನಗೆ ನಮ್ಮ ಬಾಣಂತಿ ಕೋಣೆಯ ಬುಟ್ಟಿ ನೆನಪಾದದ್ದು ಆಗಲೇ. ಕರಟಕ್ಕೇನು ಕೊರತೆ, ಹಿತ್ತಲ ತುಂಬ ರಾಶಿ ಬಿದ್ದಿತ್ತು. ಹೊಗೆ ಪೂರ್ತಿ ಹೋಗುವವರೆಗೆ ಹೊರಗೆ ಉರಿಸಿ, ನಿಗಿನಿಗಿ ಕೆಂಡವನ್ನು ಒಳಗೆ ತಂದು, ಬುಟ್ಟಿ ಬೋರಲು ಹಾಕಿ, ನನ್ನ ಮಕ್ಕಳ ಬಟ್ಟೆ ಒಣಗಿಸಿದ ಹಾಗೆಯೇ ಅತ್ತೆಯ ಬಟ್ಟೆ ಒಣಗಿಸಿದೆ. ನಮ್ಮವರು ತಮ್ಮ ಹಳೆಯ ಪಂಚೆಗಳನ್ನೆಲ್ಲ ತಂದು ಕೊಟ್ಟು, ಬಟ್ಟೆ ತಿರುವಿಹಾಕಲು ತಾವೇ ಕೂರುತ್ತಿದ್ದರು. “ಅಮ್ಮ ನನಗೆ ಮಾಡಿದ್ದು ತಿರುಗಿ ಮಾಡ್ತಿದೀನಿ ಬಿಡು” ಅನ್ನುತ್ತಿದ್ದರು.

ಗುಳ್ಳೆ ಹೋಯಿತು. ಆದರೆ ಕೆಂಪು ಮಾತ್ರ ಹೋಗಲಿಲ್ಲ. ಒಂದು ದಿನ ತಿಳಿಯಾದರೆ ಮರುದಿನ ಮತ್ತೆ ಏರುತ್ತಿತ್ತು. ನಾನು ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿದ್ದೆ. ಮಾಡಿದ್ದು ಸರಿಯಿದ್ದೂ ಫಲ ಸಿಗದಿದ್ದರೆ ಎಂಥ ಸಿಟ್ಟು ಬರುತ್ತದೆ! ಭಾದ್ರಪದ ಹತ್ತಿರವಾಗುತ್ತಿತ್ತು, ಅತ್ತೆ ಮಲಗಿದ್ದಲ್ಲೇ ಅರ್ಘ್ಯದ ಹಾಡುಗಳನ್ನು ಗುನುಗುತ್ತಿದ್ದರು. ಅದನ್ನು ಕೇಳುತ್ತಾ ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ನನ್ನ ಸಿಟ್ಟು ತೀರಿಸುತ್ತಿದ್ದೆ.

ಇಷ್ಟರಲ್ಲಿ ಅತ್ತೆ ಚಾತುರ್ಮಾಸಕ್ಕೊಂದು ನೇಮ ತೆಗೆದುಕೊಂಡಿದ್ದರು. ಹೊತ್ತು ಮುಳುಗಿದ ಮೇಲೆ ನೀರು ಮುಟ್ಟದಿರುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ಅತ್ತೆ ಅದನ್ನು ಹಿಂದಕ್ಕೆ ಎಳೆದು, ಮಧ್ಯಾಹ್ನದ ಊಟದ ಮೇಲೇ ನೀರು ಬಿಟ್ಟರು. ಆಮೇಲೆ ಬೆಳಿಗ್ಗೆಯೂ ಎರಡು ಗುಟುಕಿಗೆ ಇಳಿಸಿದರು. ನಮ್ಮಲ್ಲಿ ಯಾರಾದರೂ ನೇಮ ಹಿಡಿದಿದ್ದೇನೆ ಅಂದರೆ ಯಾಕೆ ಅಂತ ಕೇಳುವ ಪದ್ಧತಿಯಿಲ್ಲ. ಕೈ ಮುಗಿಯುವ ಪದ್ಧತಿಯಿದೆ. ನೋಡಲು ಬಂದ ಹೆಂಗಸರು, “ಈ ಸ್ಥಿತೀಲೂ ಎಂಥ ನಿಷ್ಠೆ” ಅಂತ ಅವರ ಕಾಲು ಮುಟ್ಟಿ ಹೋಗುತ್ತಿದ್ದರು. ವಿಮಲಕ್ಕ ಅರಸೀಕೆರೆಯಲ್ಲೆಲ್ಲ ಹೇಳಿಕೊಂಡು ಬಂದರು. ನಮ್ಮವರ ಕಣ್ಣು ತುಂಬುತ್ತಿತ್ತು. ನಾನೂ ಕೈ ಮುಗಿದವಳೇ.

ಒಂದು ಬೆಳಿಗ್ಗೆ ಬಟ್ಟೆ ಬದಲಿಸುವಾಗ ನೋಡಿದೆ. ಮೂತ್ರದ ಕಲೆ ಅಂಗೈಯಗಲ, ಕಡು ಕಾಫಿ ಕಷಾಯದ ಬಣ್ಣ. ಮೂಗಿಗೆ ಖಾರವಾಗಿ ಬಡಿಯುವ ವಾಸನೆ. ತಾಗಿದ ಜಾಗವೆಲ್ಲ ಮತ್ತೆ ಕೆಂಡದಂತೆ ಕೆಂಪು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಇನ್ನೂ ಜಾಸ್ತಿ ಸುಡುತ್ತದೆ ಅಂತ ರೇಣುಕಾ ಮೊದಲೇ ಹೇಳಿದ್ದಳು. ಇನ್ನೊಂದೂ ಹೊಳೆಯಿತು. ಯಾರಾದರೂ ಬರುತ್ತಾರೆ ಅಂತ ಗೊತ್ತಾದ ದಿನ ಅತ್ತೆ ಆ ಎರಡು ಗುಟುಕನ್ನೂ ಕುಡಿಯುತ್ತಿರಲಿಲ್ಲ. ಯಾರೂ ಬರದ ದಿನ ಕುಡಿಯುತ್ತಿದ್ದರು. ಬರುವ ನೆಂಟರನ್ನು ನೋಡಿಕೊಂಡು ಹಿಗ್ಗಿ ಕುಗ್ಗುವ ನೇಮ ಎಂಥದ್ದು?

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಒಂದು ಲೋಟ ಸೋಸಿದ ನೀರು ಹಿಡಿದು ಅವರ ಮುಂದೆ ಕೂತೆ.

“ಕುಡೀರಿ ಅತ್ತೆ.”

“ನೇಮ ಐತೆ ಅಂತ ಗೊತ್ತಿಲ್ವಾ?”

“ಇದು ನೇಮ ಅಲ್ಲ. ನಿಮಗೆ ನಾಚಿಕೆ. ಒದ್ದೆಯಾಗ್ತದೆ ಅಂತ ನೀರು ಬಿಟ್ಟಿದೀರ.”

ಅವರು ನೋಡಿದ ನೋಟಕ್ಕೆ ನಾನು ಹೊಸ ಸೊಸೆಯಾಗಿದ್ದರೆ ಲೋಟ ಕೆಳಗಿಟ್ಟು ಓಡುತ್ತಿದ್ದೆ. “ಬಾಯಿ ಬಂತು ನಿಂಗೆ” ಅಂದರು. “ಹಾಸಿಗೆ ಹಿಡಿದೋಳು ಅಂತ ಸದರ ಆದ್ನಾ?”

“ಸದರ ಆಗಿದ್ರೆ ನಾನ್ಯಾಕೆ ಕೆಂಡದ ಮುಂದೆ ಕೂತು ಬಟ್ಟೆ ಒಣಗಿಸ್ತಿದ್ದೆ? ನಾನು ಒಂದು ಕಡೆಯಿಂದ ಚರ್ಮ ಕಟ್ಟಿದ್ರೆ ನೀವು ಇನ್ನೊಂದು ಕಡೆಯಿಂದ ಸುಡ್ತಿದೀರಲ್ಲ ಅತ್ತೆ. ದೇವರಿಗೆ ಅಂತ ಬಿಟ್ಟಿದ್ರೆ ನಾನು ಕೈ ಮುಗೀತೀನಿ. ವಿಮಲಕ್ಕನ ಮೂಗಿಗೆ ಅಂತ ಬಿಟ್ಟಿದ್ರೆ ಅದು ನೇಮ ಹೆಂಗಾಯ್ತದೆ, ನೀವೇ ಹೇಳಿ.”

ಹೇಳಿಬಿಟ್ಟೆ. ಲೋಟವನ್ನು ಅವರ ಕೈಗೆಟುಕುವಲ್ಲಿ ಇಟ್ಟೆ. ಅತ್ತೆ ಸೂರಿನ ಕಡೆ ಮುಖ ತಿರುಗಿಸಿದರು. ಆಮೇಲೆ, ನನಗೆ ಹೇಳುತ್ತಿರುವಂತೆ ಅಲ್ಲದೆ ತಮಗೇ ಹೇಳಿಕೊಳ್ಳುವಂತೆ, “ಚಂದ್ರಮತಿ ಯಾಕೆ ಬಸದಿಗೆ ಬರಲ್ಲ ಗೊತ್ತೇನೇ?” ಅಂದರು.

ಚಂದ್ರಮತಿಯಮ್ಮ ಓಣಿಯ ಕೊನೆಯ ಮನೆಯವರು, ಅತ್ತೆಯ ಓರಗೆಯವರು. ಮಂಡಿ ನೋವು ಅಂತ ಬಸದಿಗೆ ಬರುವುದನ್ನು ಬಿಟ್ಟು ವರ್ಷಗಳಾಗಿದ್ದವು.

“ಮಂಡಿ ನೋವಲ್ಲ ಅದು. ಒಂದಿನ ಪೂಜೆ ಮುಗಿದು ಎದ್ದಾಗ ಅವಳು ಕೂತಿದ್ದ ಚಾಪೆ ಒದ್ದೆಯಾಗಿತ್ತು. ಕೆಮ್ಮಿದ್ಲು ಪಾಪ, ಆಗಿಬಿಟ್ಟಿತ್ತು. ನಾನು ಎಲ್ಲರ ಮುಂದೆ ಅಂದೆ, ಬಸದೀನ ಬಚ್ಚಲು ಮಾಡಬೇಡ ಅಂತ. ಚಾಪೆ ಸುತ್ಕೊಂಡು ಹೊರಟೋಳು, ಇವತ್ತಿಗೂ ಬಂದಿಲ್ಲ.” ನನ್ನ ಕಡೆ ತಿರುಗಿ, “ಈಗ ನಾನು ಯಾವ ಮುಖ ಇಟ್ಕೊಂಡು ಒದ್ದೆಯಾಗ್ಲಿ ಕುಸುಮ?” ಅಂದರು.

ನನಗೆ ಅಳು ಬಂತು. ಅತ್ತೆಯೂ ಅತ್ತರು. ನಾವಿಬ್ಬರೂ ಒಟ್ಟಿಗೆ ಅತ್ತದ್ದು ಮಾವ ಹೋದಾಗ ಬಿಟ್ಟರೆ ಅವತ್ತೇ. ಅಳು ನಿಂತ ಮೇಲೆ ಅವರು ಬಲಗೈ ಚಾಚಿ ಲೋಟ ತೆಗೆದುಕೊಂಡು ಕುಡಿದರು. ಕುಡಿದ ಲೋಟವನ್ನು ನನ್ನ ಕೈಗೆ ಕೊಡುತ್ತಾ ತಮ್ಮ ಹಳೆಯ ದನಿಯಲ್ಲೇ ಕಟ್ಟಪ್ಪಣೆ ಹೊರಡಿಸಿದರು. “ಹೊತ್ತು ಮುಳುಗಿದ ಮೇಲೆ ಮಾತ್ರ ಒಂದು ತೊಟ್ಟೂ ಕುಡಿಯಲ್ಲ. ಅದಕ್ಕೆ ಕೈ ಹಾಕ್ಬೇಡ. ಅಷ್ಟರೊಳಗೆ ಎಷ್ಟು ಕುಡೀಬೇಕೋ ಆ ಹುಡುಗೀನ ಕೇಳಿ ಹೇಳು.”

ರೇಣುಕಾ ಅದನ್ನು ಒಪ್ಪಿದಳು. ಬೆಳಕು ಹರಿದಾಗಿನಿಂದ ಹೊತ್ತು ಇಳಿಯುವವರೆಗೆ ಸ್ವಲ್ಪ ಸ್ವಲ್ಪವಾಗಿ ನೀರು, ಮಜ್ಜಿಗೆ, ಎಳನೀರು. ಕುಡಿದು ಸ್ವಲ್ಪ ಹೊತ್ತಿಗೆ, ಒದ್ದೆಯಾಗುವ ಮೊದಲೇ ಎಬ್ಬಿಸಿ, ನಡುವೆ ತೂತಿರುವ ಕುರ್ಚಿಯ ಮೇಲೆ ಕೂರಿಸುವುದು. ಹಾಲು ಕರೆಯುವವರು ಹಸುವಿನ ಹೊತ್ತು ಕಲಿಯುವ ಹಾಗೆ ನಾನು ಅತ್ತೆಯ ಹೊತ್ತು ಕಲಿತೆ. ದಿನಕ್ಕೆ ಕೆಲವು ಸಲವಾದರೂ ಬಟ್ಟೆ ಒಣಗಿಯೇ ಇರುತ್ತಿತ್ತು. ಅಂಥ ಪ್ರತಿ ಸಲವೂ ನಮ್ಮಿಬ್ಬರಿಗೂ ಕ್ರಿಕೆಟ್ ಗೆದ್ದ ಸಂಭ್ರಮ.

ಶ್ರಾವಣ ಕಳೆಯುವ ಹೊತ್ತಿಗೆ ಕೆಂಪು ಅಂಚಿನಿಂದ ಸರಿಯತೊಡಗಿತು. ಹೊಳಪು ಹೋಯಿತು. ಸಿಪ್ಪೆಯೆದ್ದು ಉದುರಿ, ಕೆಳಗಿನಿಂದ ಹೊಸ ಚರ್ಮ ಬಂತು, ಎಳೆಯ, ತಿಳಿಗೋಧಿ ಬಣ್ಣದ್ದು. ಒಂದು ಬೆಳಿಗ್ಗೆ ರೇಣುಕಾ ಬಂದು ನೋಡಿ, ತನ್ನ ಜೊತೆಗೆ ಕಲಿಯಲು ಬಂದಿದ್ದ ಹುಡುಗಿಯರನ್ನು ಒಳಗೆ ಕರೆದಳು. ಮೊದಲು ಅತ್ತೆಯ ಒಪ್ಪಿಗೆ ಕೇಳಿದಳು, ಅತ್ತೆ ರಾಣಿಯಂತೆ ತಲೆಯಾಡಿಸಿದರು. “ನೋಡ್ಕೊಳ್ರೇ, ಮನೇಲಿ ನೋಡ್ಕೊಂಡ ಮೈ ಅಂದ್ರೆ ಹಿಂಗಿರ್ಬೇಕು” ಅಂದಳು. ನಾನು ಬಿ.ಕಾಂ. ಮಾಡಿದವಳು. ಪಾಸಾದ ದಿನ ಕೂಡ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ. ಆಮೇಲೆ ಅತ್ತೆ ಇದ್ದಷ್ಟೂ ದಿನ ಆ ಚರ್ಮ ಒಡೆಯಲು ನಾನು ಬಿಡಲಿಲ್ಲ. ಹೋದ ವರ್ಷ ಅವರು ತೀರಿಕೊಂಡಾಗ ಮೈ ತೊಳೆದ ಹೆಂಗಸರು, ಇಷ್ಟು ದಿನ ಮಲಗಿದ್ದವರ ಬೆನ್ನಿನ ಮೇಲೆ ಒಂದು ಗೀರೂ ಇಲ್ಲವಲ್ಲ ಅಂತ ನನ್ನ ಮುಖ ನೋಡಿದರು. ದುಃಖದ ನಡುವೆಯೂ ನಾನು ತಲೆ ಎತ್ತಿಯೇ ನಿಂತಿದ್ದೆ.

ಪರ್ವ ಬಂತು. ಮೊದಲ ಎರಡು ದಿನ ಜಿಟಿಜಿಟಿ ಮಳೆ, ಹೊರಡಲಾಗಲಿಲ್ಲ. ಮೂರನೆಯ ದಿನ ಆರ್ಜವದ್ದು. ಒಳಗೊಂದು ಹೊರಗೊಂದು ಇಟ್ಟುಕೊಳ್ಳಬಾರದು ಅನ್ನುವ ಧರ್ಮದ ದಿನ. ಬೆಳಿಗ್ಗೆಯೇ ಬಿಸಿಲು ಬಿತ್ತು. ಅತ್ತೆ ಬಿಳಿ ಸೀರೆ ಉಡಿಸು ಅಂದರು. ಮುಲಾಮು ಸವರಿ, ಹೊಸ ಡೈಪರು ಹಾಕಿ, ಸೀರೆ ಉಡಿಸುತ್ತಿದ್ದಾಗ, ಪರ್ವಕ್ಕೆ ಅಂತ ಬಂದಿದ್ದ ವಿಮಲಕ್ಕ ಬಾಗಿಲಿಗೆ ಬಂದು ನಿಂತರು.

“ಅಮ್ಮ, ಅದನ್ನ ಹಾಕ್ಕೊಂಡು ಬಸದಿಗಾ? ಜನ ಏನಂತಾರೆ? ನೀವೇ ಅಲ್ವಾ ಕೂಸು ಉಚ್ಚೆ ಹೊಯ್ದ್ರೆ ತಾಯೀನ ಎಬ್ಬಿಸಿ ಕಳಿಸ್ತಿದ್ದೋರು?”

ಇಷ್ಟು ದೂರ ಬಂದು ಇಲ್ಲಿಗೇ ನಿಂತುಬಿಡುತ್ತದೇನೋ ಅನ್ನಿಸಿತು. ಅತ್ತೆ ನೆರಿಗೆ ಸರಿಪಡಿಸಿಕೊಳ್ಳುತ್ತಾ, “ಹೂಂ ಕಣೇ, ನಾನೇ” ಅಂದರು. “ಅದಕ್ಕೇ ಗರ್ಭಗುಡಿ ಮುಂದೆ ಕೂರಲ್ಲ. ಹೊರಗಿನ ಜಗಲಿ ಮೇಲೆ ಕೂರ್ತೀನಿ. ನನ್ನ ದನಿಗೆ ಮೈಲಿಗೆ ಆಗಿಲ್ವಲ್ಲ, ಅದು ಒಳಗೆ ಹೋಗ್ಲಿ.” ಗಾಲಿಕುರ್ಚಿಯ ಒಂದು ಕಡೆ ನಮ್ಮವರು, ಇನ್ನೊಂದು ಕಡೆ ವಿಮಲಕ್ಕನೇ ಹಿಡಿದರು.

ಬಸದಿಯ ಜಗಲಿಯ ಮೇಲೆ, ಮೆತ್ತನೆಯ ದಿಂಬು ಹಾಕಿ ಕುರ್ಚಿ ನಿಲ್ಲಿಸಿದೆವು. ಹೆಂಗಸರೆಲ್ಲ ಜಯ ಜಿನೇಂದ್ರ ಅಂತ ಸುತ್ತ ಸೇರಿದರು. ಒಬ್ಬರು ನೀರಿನ ನೇಮದ ಮಾತೆತ್ತಿ ಕಾಲಿಗೆ ಬಗ್ಗಿದರು. ಅತ್ತೆ ಅವರ ಕೈ ತಡೆದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ಅದು ನೇಮ ಆಗಿರ್ಲಿಲ್ಲ. ನನಗೆ ಉಚ್ಚೆ ನಿಲ್ಲಲ್ಲ. ಅದು ನಿಮಗೆ ಗೊತ್ತಾಗಬಾರ್ದು ಅಂತ ನೀರು ಬಿಟ್ಟಿದ್ದೆ. ಈಗಲೂ ಒಳಗೆ ಮಕ್ಕಳ ತರ ಕಟ್ಕೊಂಡೇ ಕೂತಿದೀನಿ. ಯಾರಿಗಾದ್ರೂ ಹೇಸಿಗೆ ಅನ್ನಿಸಿದ್ರೆ ಒಳಗೆ ಹೋಗಿ ಕೂತ್ಕೊಳ್ಳಿ, ನಂಗೆ ಬೇಜಾರಿಲ್ಲ.”

ಯಾರೂ ಒಳಗೆ ಹೋಗಲಿಲ್ಲ. ಒಳಗೆ ಪೂಜೆಯ ಪಂಡಿತರು ಗಂಟೆ ಬಾರಿಸಿದರು. ಅತ್ತೆ ಹಾಡು ಎತ್ತುವ ಮೊದಲು ನನ್ನನ್ನು ಹತ್ತಿರ ಕರೆದರು. “ಹೋಗಿ ಚಂದ್ರಮತೀನ ಕರ್ಕೊಂಡು ಬಾ. ನಾನು ಕ್ಷಮೆ ಕೇಳ್ಬೇಕು ಅಂತ ಹೇಳು. ನಾನೇ ಬರೋಕೆ ಕಾಲಿಲ್ಲ ಅಂತ ಹೇಳು.”

ಓಡುತ್ತಲೇ ಹೋದೆ. ಚಂದ್ರಮತಿಯಮ್ಮ ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. “ಮಂಡಿ ನೋವು ಕಣಮ್ಮ” ಅಂತ ಶುರು ಮಾಡಿದರು. ಜಗಲಿಯ ಮೇಲೆ ಅತ್ತೆ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಹೊಸೆಯುತ್ತಿದ್ದ ಬತ್ತಿ ಅವರ ಬೆರಳಲ್ಲೇ ನಿಂತಿತು. “ರಾಜಮತಿ ಹಂಗಂದ್ಲಾ? ಎಲ್ಲರ ಮುಂದೆ?” ಎರಡು ಸಲ ಕೇಳಿದರು. ಆಮೇಲೆ ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ನಡೆಯುವಾಗ ನಾನು ಗಮನಿಸಿದೆ, ಅವರ ಮಂಡಿ ನಿಜಕ್ಕೂ ಚೆನ್ನಾಗಿಯೇ ಇತ್ತು. ಆದರೆ ಕಾಲು ಅಗಲಿಸಿ, ತೊಡೆಗೆ ತೊಡೆ ತಾಗದ ಹಾಗೆ ನಡೆಯುತ್ತಿದ್ದರು. ಆ ನಡಿಗೆ ಯಾಕೆ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ನಾವು ಬಂದಾಗ ಅತ್ತೆಯ ದನಿ ಬಸದಿಯ ಒಳಗೂ ಹೊರಗೂ ತುಂಬಿತ್ತು. ಚಂದ್ರಮತಿಯಮ್ಮ ಮೆಲ್ಲನೆ ಕುರ್ಚಿಯ ಪಕ್ಕ ಕೂತರು. ಕೂರುವಾಗ ಮುಖ ಕಿವುಚಿಕೊಂಡರು. ಅತ್ತೆ ಹಾಡುತ್ತಲೇ ಬಲಗೈ ಇಳಿಬಿಟ್ಟು ಅವರ ಕೈ ಹಿಡಿದರು. ಆ ಹಾಡು ಮುಗಿದು ಅರ್ಘ್ಯ ಬಿಡುವ ಹೊತ್ತಿನಲ್ಲಿ ಚಂದ್ರಮತಿಯಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ, “ಪೂಜೆ ಮುಗಿದ ಮೇಲೆ ನಿಮ್ಮನೇಗೆ ಬರ್ಲೇನಮ್ಮ? ನಂದೂ ಒಂಚೂರು ನೋಡ್ತೀಯಾ? ಬಹಳ ದಿನ ಆಯ್ತು, ಉರಿ ತಡೆಯೋಕಾಗ್ತಿಲ್ಲ” ಅಂದರು.

ಪಿಸುಮಾತೇ, ಆದರೆ ಅತ್ತೆಯ ಕಿವಿಗೆ ಲಕ್ವ ಹೊಡೆದಿರಲಿಲ್ಲ. ಪೂಜೆಯ ನಡುವೆ ಯಾರಾದರೂ ಎದ್ದರೆ ಕಣ್ಣಲ್ಲೇ ಗದರಿ ಕೂರಿಸುತ್ತಿದ್ದವರು ಅವರು. ನನ್ನ ಮದುವೆಯಾದ ಹೊಸತರಲ್ಲಿ, ಅಳುತ್ತಿದ್ದ ಮಗುವಿಗೆ ಹಾಲು ಕೊಡಲು ಕೂಡ ನನ್ನನ್ನು ಏಳಲು ಬಿಟ್ಟಿರಲಿಲ್ಲ. ಈಗ ನನ್ನ ಕಡೆ ತಿರುಗಿ, ಇಡೀ ಜಗಲಿಗೆ ಕೇಳುವ ದನಿಯಲ್ಲಿ ಹೇಳಿದರು.

“ಮುಗಿಯೋ ತನಕ ಯಾಕೆ ಕಾಯ್ತೀಯ? ಈಗಲೇ ಕರ್ಕೊಂಡು ಹೋಗು. ಚಂದ್ರಮತಿ, ಇವಳು ನನ್ನ ಸೊಸೆ, ಇವಳ ಮುಂದೆ ನಾಚ್ಕೋಬೇಡ. ಹೋಗ್ರೇ, ಹಾಡು ನಾನು ನೋಡ್ಕೊಂತೀನಿ.”